ಸಿನಿಮಾ ಹಾಡಿನ ಕೆಳಗೆ ಅಜ್ಜಿಯ ಸ್ವರ

9 ಫೆಬ್ರವರಿ 2025, ಭಾನುವಾರ
ಕುಂದಾಪುರ

ಸಣ್ಣತ್ತೆಯ ಮದುವೆಯ ವಿಡಿಯೋ ಕ್ಯಾಸೆಟ್‌ನಲ್ಲಿ ಎರಡು ಸೌಂಡ್ ಇವೆ. ಇಷ್ಟು ವರ್ಷ ನಾವೆಲ್ಲ ಕೇಳಿದ್ದು ಒಂದನ್ನೇ. ಇನ್ನೊಂದು ಇವತ್ತು ಮಧ್ಯಾಹ್ನ ಕೇಳಿಸಿತು.

1992ರ ಮದುವೆ ಅದು. ಶೂಟ್ ಮಾಡಿದ್ದು ಚಿಕ್ಕಪ್ಪ. ಮಸ್ಕತ್‌ನಿಂದ ರಜೆಗೆ ಬರುವಾಗ ಹೆಗಲ ಮೇಲೆ ಇಟ್ಟುಕೊಳ್ಳುವ ದೊಡ್ಡ ವಿಎಚ್‌ಎಸ್ ಕ್ಯಾಮೆರಾ ತಂದಿದ್ದರು. ಮದುವೆ ಮುಗಿದ ಮೇಲೆ ಪೇಟೆಯ ಸ್ಟುಡಿಯೋದಲ್ಲಿ ಇಡೀ ಕ್ಯಾಸೆಟ್‌ಗೆ ಸಿನಿಮಾ ಹಾಡು ಹಾಕಿಸಿದರು. ಆ ಕಾಲದಲ್ಲಿ ಮದುವೆ ಕ್ಯಾಸೆಟ್ ಅಂದರೆ ಹಾಗೇ ಅಲ್ವಾ? ಧಾರೆಗೊಂದು ಹಾಡು, ಊಟದ ಪಂಕ್ತಿಗೊಂದು ಹಾಡು, ಹೆಣ್ಣು ಒಪ್ಪಿಸುವಾಗ ಒಂದು ಅಳುವ ಹಾಡು. ಮಂತ್ರ ಇಲ್ಲ, ವಾಲಗ ಇಲ್ಲ, ಮಾತಂತೂ ಇಲ್ಲವೇ ಇಲ್ಲ.

ಅಜ್ಜಿ ಮಂಟಪದ ಪಕ್ಕ ಕೂತು ಶೋಭಾನೆ ಹೇಳುವ ಒಂದು ಭಾಗವಿದೆ. ಅಲ್ಲಿಗೆ ಬಂದಾಗಲೆಲ್ಲ ಅಮ್ಮ "ಕಾಣು, ಅತ್ತೆ ಶೋಭಾನೆ ಹೇಳ್ತಿದ್ದಾರೆ, ಬಾಯಿ ಮಾತ್ರ ಕಾಣ್ತದೆ" ಅನ್ನುತ್ತಿದ್ದರು. ಅಜ್ಜಿ 1995ರಲ್ಲಿ ತೀರಿಕೊಂಡರು. ಫೋಟೋಗಳಿವೆ. ಸ್ವರ ಎಲ್ಲಿಯೂ ಇರಲಿಲ್ಲ.

ನಮ್ಮ ಮನೆಯ ಹಳೆ ವಿಸಿಆರ್ (ವಿಡಿಯೋ ಕ್ಯಾಸೆಟ್ ಓಡಿಸುವ ಯಂತ್ರ) ಎಂದೋ ಕೆಟ್ಟು ಹೋಗಿತ್ತು. ಪಕ್ಕದ ಮನೆಯವರ ಹತ್ತಿರ ದುಬೈಯಿಂದ ತಂದ ಒಂದು ಹೈಫೈ (ಒಳ್ಳೆಯ ಸೌಂಡಿನ) ವಿಸಿಆರ್ ಅಟ್ಟದಲ್ಲಿತ್ತು. ಒಳಗಿನ ಗ್ರೀಸು ಗಟ್ಟಿಯಾಗಿತ್ತು, ಬೆಲ್ಟು ಸಡಿಲವಾಗಿತ್ತು. ಉಡುಪಿಯ ಹಳೆಯ ಟಿವಿ ರಿಪೇರಿಯವರೊಬ್ಬರು ಎಲ್ಲ ಬಿಚ್ಚಿ ಸರಿ ಮಾಡಿಕೊಟ್ಟರು. ಇಂಥ ಕೈಗಳು ನಮ್ಮೂರಲ್ಲಿ ಇನ್ನೂ ಇವೆ ಅನ್ನುವುದೇ ದೊಡ್ಡ ಸಮಾಧಾನ. ಟೇಪು ಓದುವ ಹೆಡ್ ಒರೆಸುವುದನ್ನೂ ಅವರೇ ತೋರಿಸಿಕೊಟ್ಟರು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಾಗದವನ್ನು ಹೆಡ್ ಕೂತಿರುವ ಡ್ರಮ್ಮಿಗೆ ತಾಗಿಸಿ ಅಲುಗಾಡದೆ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ಮೆಲ್ಲಗೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿಯ ಎಳೆ ಸಿಕ್ಕಿಕೊಂಡರೂ ಕಷ್ಟ.

ಕರಾವಳಿಯ ಕ್ಯಾಸೆಟ್‌ಗಳಿಗೆ ಬೂಷ್ಟಿನದೇ ಭಯ. ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿದರೆ ಸುತ್ತಿದ ಟೇಪಿನ ಮೇಲೆ ಬಿಳಿ ಪುಡಿ ಕಾಣುತ್ತದೆ. ಅಂಥದ್ದನ್ನು ಒಳ್ಳೆಯ ವಿಸಿಆರ್‌ಗೆ ಹಾಕಲೇಬಾರದು, ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಸಣ್ಣತ್ತೆಯದು ಅಮ್ಮನ ರೇಷ್ಮೆ ಸೀರೆಗಳ ಜೊತೆ ಕಪಾಟಿನಲ್ಲಿದ್ದದ್ದರಿಂದ ಉಳಿಯಿತು. ಒಮ್ಮೆ ಕೊನೆಯವರೆಗೆ ಓಡಿಸಿ, ರಿವೈಂಡ್ ಮಾಡಿ, ಆಮೇಲೆ ಪ್ಲೇ ಒತ್ತಿದೆ. ವರ್ಷಗಟ್ಟಲೆ ಒಂದೇ ಕಡೆ ಬಿಗಿದುಕೊಂಡ ಟೇಪು ಹಾಗೆ ಮಾಡಿದರೆ ಸ್ವಲ್ಪ ಸಡಿಲಾಗುತ್ತದೆ.

ಶುರುವಿನಲ್ಲಿ ಅದೇ ಹಾಡು. ಧಾರೆ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಹಾಡು ನಿಂತು ವಾಲಗ ಕೇಳಿಸಿತು. ಒಂದು ಕ್ಷಣ, ಅಷ್ಟೇ. ಮತ್ತೆ ಹಾಡು. ಸ್ವಲ್ಪ ಹೊತ್ತಿಗೆ ಯಾರೋ "ದೀಪಕ್ಕೆ ಎಣ್ಣೆ ಹಾಕು ಮಾರಾಯ್ತಿ" ಅಂದದ್ದು ಸ್ಪಷ್ಟವಾಗಿ ಕೇಳಿತು. ಮತ್ತೆ ಹಾಡು. ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟು ಬಂದರು. "ಅದು ಅತ್ತೆ" ಅಂದರು.

ಇದು ಹೇಗೆ ಅಂತ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ವಿಎಚ್‌ಎಸ್ ಟೇಪಿನ ಅಂಚಿನಲ್ಲಿ ಸೌಂಡಿಗೆ ಒಂದು ಸಣ್ಣ ಪಟ್ಟಿ ಇರುತ್ತದೆ. ನಮ್ಮ ದೇಶದ ಟಿವಿ, ವಿಡಿಯೋಗಳ ಪ್ಯಾಲ್ ಪದ್ಧತಿಯಲ್ಲಿ ಟೇಪು ಸೆಕೆಂಡಿಗೆ 23.39 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಹಾಡು ಕೇಳುವ ಕ್ಯಾಸೆಟ್‌ನ ವೇಗದ ಅರ್ಧದಷ್ಟು. ಅದಕ್ಕೇ ಆ ಪಟ್ಟಿಯ ಸೌಂಡ್ ಮಂಕು. ಹೈಫೈ ಬಂದಾಗ ತಯಾರಕರು ಬೇರೆ ದಾರಿ ಹಿಡಿದರು. ಚಿತ್ರ ಬರೆಯುವ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತದಲ್ಲ, ಅದರಲ್ಲೇ ಸೌಂಡಿಗೂ ಹೆಡ್ ಕೂರಿಸಿದರು. ಅದು ಮೊದಲು ಟೇಪಿನ ಲೇಪದ ಆಳದಲ್ಲಿ ಸೌಂಡ್ ಬರೆಯುತ್ತದೆ, ಅದರ ಮೇಲೆ ಚಿತ್ರ ಕೂರುತ್ತದೆ. ಹಾಗಾಗಿ ಚಿತ್ರ ಅಳಿಸದೆ ಹೈಫೈ ಸೌಂಡನ್ನು ಬದಲಿಸಲು ಆಗುವುದಿಲ್ಲ.

ಸ್ಟುಡಿಯೋದವರು ಒತ್ತಿದ್ದು ಆಡಿಯೋ ಡಬ್ ಬಟನ್. ಅದು ಬದಲಿಸುವುದು ಅಂಚಿನ ಪಟ್ಟಿಯನ್ನು ಮಾತ್ರ. ಚಿಕ್ಕಪ್ಪನ ಕ್ಯಾಮೆರಾ ಹೈಫೈ ಆಗಿತ್ತು, ನಮ್ಮ ಮನೆಯ ವಿಸಿಆರ್ ಬರೀ ಮೋನೋ, ಅಂಚಿನ ಪಟ್ಟಿಯನ್ನಷ್ಟೇ ಓದುವಂಥದ್ದು. ಅದಕ್ಕೆ ಆಳದಲ್ಲಿದ್ದ ಸೌಂಡ್ ಓದಲು ಬರುತ್ತಲೇ ಇರಲಿಲ್ಲ. ಮದುವೆಮನೆಯ ಗದ್ದಲವೆಲ್ಲ ಕಪಾಟಿನಲ್ಲಿ ಹಾಗೇ ಇತ್ತು.

ಹೈಫೈ ಸಿಗ್ನಲ್ ಕುಂದಿದರೆ ವಿಸಿಆರ್ ತಾನಾಗಿ ಅಂಚಿನ ಪಟ್ಟಿಗೆ ಹೋಗುತ್ತದೆ. ಹಾಡು ಬಂದು ಹೋಗುತ್ತಿದ್ದದ್ದು ಇದರಿಂದಲೇ. ಟ್ರ್ಯಾಕಿಂಗನ್ನು (ಟೇಪಿನ ಮೇಲಿನ ಗೆರೆಗೆ ಹೆಡ್ ಹೊಂದಿಸುವುದನ್ನು) ಆಟೋದಿಂದ ತೆಗೆದು ಕೈಯಲ್ಲೇ ಹೊಂದಿಸಿದೆ. ಚಿತ್ರ ಚೆನ್ನಾಗಿ ಬರುವ ಜಾಗ ಬೇರೆ, ಹೈಫೈ ಹಿಡಿಯುವ ಜಾಗ ಬೇರೆ. ಒಂದು ಸಲ ಚಿತ್ರಕ್ಕಾಗಿ, ಇನ್ನೊಂದು ಸಲ ಸೌಂಡಿಗಾಗಿ ಓಡಿಸಿ ಎರಡನ್ನೂ ಕಂಪ್ಯೂಟರಿಗೆ ಹಾಕಿಕೊಂಡೆ.

ಶೋಭಾನೆಯ ಭಾಗ ಪೂರ್ತಿ ಸಿಕ್ಕಿದೆ. ಅಜ್ಜಿ ಸಾಲು ಎತ್ತುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಒಂದು ಕಡೆ ಸಾಲು ತಪ್ಪಿದ ಯಾರನ್ನೋ ಅಜ್ಜಿ ಅಲ್ಲೇ ತಿದ್ದುತ್ತಾರೆ. ಅಮ್ಮ ಬಾಯಿಪಾಠದಲ್ಲಿ ಜೊತೆಗೆ ಹೇಳಿದರು. ಗುರ್ರ್ ಅನ್ನುವ ಸದ್ದು ಸ್ವಲ್ಪ ಇದೆ, 50 ಹರ್ಟ್ಸ್‌ನದು. ಅದನ್ನಷ್ಟೇ ತಗ್ಗಿಸಿದೆ. ಜಾಸ್ತಿ ತೊಳೆದರೆ ಸ್ವರದ ಒರಟು ಹೋಗುತ್ತದೆ. ಅಜ್ಜಿಯ ಸ್ವರವೇ ಒರಟು.

ಹಾಗಂತ ಸಿನಿಮಾ ಹಾಡನ್ನು ಬಿಸಾಡಿಲ್ಲ. ಅದನ್ನು ಕೇಳುತ್ತಲೇ ನಾನೂ ತಮ್ಮನೂ ಬೆಳೆದವರು. ಒಂದೇ ಫೈಲಿನಲ್ಲಿ ಎರಡೂ ಸೌಂಡ್ ಟ್ರ್ಯಾಕ್ ಇಟ್ಟಿದ್ದೇನೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಚಿತ್ರದ ಬಗ್ಗೆ ಹೇಳಲು ಹೆಚ್ಚಿಲ್ಲ. ಮೊದಲು ವಿವರ ಕಳೆಯದಂತೆ ಕುಗ್ಗಿಸಿದ (ಲಾಸ್‌ಲೆಸ್) ಫೈಲ್, 720x576, ಗಂಟೆಗೆ ಸುಮಾರು 30 ಜಿಬಿ. ಪ್ಯಾಲ್‌ನಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರಗಳು ಇರುತ್ತವೆ, ಅದರಿಂದ 50 ಫ್ರೇಮ್ ಮಾಡಿದರೆ ಓಡಾಟ ನುಣುಪಾಗಿ ಕಾಣುತ್ತದೆ. ತುಂಬಾ ಅಂಗಡಿಗಳು 25 ಮಾಡಿ ಕೊಡುತ್ತವೆ. ಚಲನೆಯ ಅರ್ಧ ಅಲ್ಲೇ ಹೋಯಿತು.

ಮಗಳು ಎಐ ಆ್ಯಪ್ ಒಂದರಲ್ಲಿ ಅಜ್ಜಿಯ ಮುಖ ದೊಡ್ಡದು ಮಾಡಿ ತೋರಿಸಿದಳು. ಕೆನ್ನೆ ನುಣ್ಣಗೆ, ಹಲ್ಲು ಸಾಲಾಗಿ, ಮೂಗುಬೊಟ್ಟು ಮಾಯ. ಯಾರೋ ಬೇರೆ ಹೆಂಗಸು. ವಿಎಚ್‌ಎಸ್‌ನಲ್ಲಿ ಇರುವುದೇ ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ, ಉಳಿದದ್ದನ್ನು ಆ್ಯಪ್ ಊಹಿಸುತ್ತದೆ. ಅಜ್ಜಿಯನ್ನು ನೋಡದ ಮೊಮ್ಮಕ್ಕಳು ಅದನ್ನೇ ಅಜ್ಜಿ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅದು ಬೇಡ ಅಂತ ಹೇಳಿದೆ. ಮಗಳಿಗೂ ಅರ್ಥವಾಯಿತು.

ನಿಮ್ಮ ಮನೆಯ ಕ್ಯಾಸೆಟ್‌ಗಳನ್ನು ಒಮ್ಮೆ ಹೈಫೈ ವಿಸಿಆರ್‌ನಲ್ಲಿ ಹಾಕಿ ನೋಡಿ. ಎಲ್ಲದರಲ್ಲೂ ಹೀಗೆ ಸಿಗುವುದಿಲ್ಲ. ಮೋನೋ ಕ್ಯಾಮೆರಾದಲ್ಲಿ ತೆಗೆದು ಅದೇ ಕ್ಯಾಸೆಟ್‌ಗೆ ಹಾಡು ಹಾಕಿಸಿದ್ದರೆ ಮಾತು ಅಳಿಸಿಹೋಗಿರುತ್ತದೆ. ಬೇರೆ ಕ್ಯಾಸೆಟ್‌ಗೆ ಕಾಪಿ ಮಾಡುವಾಗ ಹಾಡು ಸೇರಿಸಿದ್ದರೆ, ಮಾತು ಇರುವುದು ಮೊದಲು ಶೂಟ್ ಮಾಡಿದ ಕ್ಯಾಸೆಟ್‌ನಲ್ಲೇ. ಫೋಟೋಗ್ರಾಫರ್ ಹತ್ತಿರ ಅದು ಉಳಿದಿದೆಯಾ ಕೇಳಿ. ತಡ ಮಾಡಬೇಡಿ. ಹೊಸ ವಿಸಿಆರ್ ಮಾಡುತ್ತಿದ್ದ ಜಪಾನಿನ ಕೊನೆಯ ಕಂಪನಿ ಫುನಾಯ್ 2016ರ ಜುಲೈಗೇ ನಿಲ್ಲಿಸಿತು. ಟೇಪುಗಳ ಬಗ್ಗೆ ಯುನೆಸ್ಕೋ 2019ರಲ್ಲಿ ಎಚ್ಚರಿಕೆ ಕೊಟ್ಟಾಗ ಹೇಳಿದ ಗಡುವು 2025.

ಇನ್ನು ಉಳಿದದ್ದು ದೊಡ್ಡಪ್ಪನ ಮಗ ನ್ಯೂಜೆರ್ಸಿಯಿಂದ ಕಳಿಸಿದ ಕ್ಯಾಸೆಟ್. ಅಮೆರಿಕದ ವಿಡಿಯೋ ಪದ್ಧತಿ ನಮ್ಮ ಪ್ಯಾಲ್ ಅಲ್ಲ, ಎನ್‌ಟಿಎಸ್‌ಸಿ, 525 ಗೆರೆ. ದುಬೈ ವಿಸಿಆರ್ ಅದನ್ನು ಓಡಿಸುತ್ತದೆ, ಟಿವಿಯಲ್ಲಿ ಬಣ್ಣವೂ ಬರುತ್ತದೆ. ಆದರೆ ಅದು ಹೊರಗೆ ಕೊಡುವ ಸಿಗ್ನಲ್ ಪೂರ್ತಿ ಎನ್‌ಟಿಎಸ್‌ಸಿಯೂ ಅಲ್ಲ, ಪ್ಯಾಲೂ ಅಲ್ಲ. ಕಂಪ್ಯೂಟರಿನಲ್ಲಿ ಬರೀ ಕಪ್ಪು ಬಿಳುಪು. ಉಡುಪಿ, ಮಂಗಳೂರು ಕಡೆ ಯಾರ ಹತ್ತಿರವಾದರೂ ಅಮೆರಿಕದಿಂದ ತಂದ ವಿಸಿಆರ್ ಇದ್ದರೆ ಹೇಳಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ, ಹೆಡ್ ಒರೆಸಿ ವಾಪಸ್ ತಂದು ಕೊಡುತ್ತೇನೆ.