ಬೆಣ್ಣೆ ಸಿಗದ ಬೆಣ್ಣೆ ಚಾವಡಿ: ಅಜ್ಜಂಪುರಕ್ಕೆ ಹೊರಟವರಿಗೆ

ಬೀರೂರಿನ ಆಚೆ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಅರ್ಧ ಲೀಟರಿಗೆ 900 ರೂಪಾಯಿ ತೆತ್ತು ‘ಅಪ್ಪಟ ಅಮೃತ್ ಮಹಲ್ ತುಪ್ಪ’ ಕೊಂಡೆ. ಮರುದಿನ ಅಜ್ಜಂಪುರದಲ್ಲಿ, ಅಮೃತ್ ಮಹಲ್ ಎಂಬ ದನದ ತಳಿಯನ್ನು ಸಾಕುವ ತಳಿ ಸಂವರ್ಧನಾ ಕೇಂದ್ರದ ಬಳಿ ದನ ಕಾಯುವ ಹಿರಿಯರೊಬ್ಬರಿಗೆ ಶೀಶೆ ತೋರಿಸಿದರೆ, ಅವರು ಮುಚ್ಚಳ ತೆಗೆದು ಮೂಸಲೂ ಇಲ್ಲ. “ಕರು ಕುಡಿದು ಮಿಕ್ಕರಲ್ಲವೇ ಸ್ವಾಮಿ, ತುಪ್ಪದ ಮಾತು?” ಎಂದರು. ಈಗ ಅದು ನಮ್ಮ ದೇವರ ದೀಪಕ್ಕೆ. ಅಲ್ಲಿಯೂ ಚಟಪಟ ಎನ್ನುತ್ತದೆ.

ಹೆಸರೇ ದಾರಿ ತಪ್ಪಿಸುವಂಥದ್ದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿತ್ತು. ಅದನ್ನು ಅಮೃತ್ ಮಹಲ್ ಎಂದು ಕರೆದವನು ಟಿಪ್ಪು. ಆದರೆ ಅಪ್ಪ ಹೈದರ್, ಮಗ ಟಿಪ್ಪು ಇಬ್ಬರಿಗೂ ಬೇಕಾಗಿದ್ದದ್ದು ದಂಡಿನ ಸಾಮಾನು, ಫಿರಂಗಿ ಎಳೆಯುವ ಎತ್ತು. ಈ ಎತ್ತುಗಳ ಬಲದಿಂದಲೇ ಹೈದರನ ಸೈನ್ಯ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತು ಎನ್ನುತ್ತಾರೆ. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲು ಮಂದೆಯನ್ನೇ ಮಾರಿಬಿಟ್ಟರು. ಒಳ್ಳೆಯ ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ಕಟ್ಟಿದರು. ಮಂದೆ ಮೈಸೂರು ಸರ್ಕಾರದ ಕೈಗೆ ಬಂದದ್ದು 1882ರಲ್ಲಿ. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಕಾವಲುಗಳನ್ನು, ಅಂದರೆ ಮಂದೆ ಮೇಯುವ ಹುಲ್ಲುಗಾವಲುಗಳನ್ನು, ಹಂಚಿ, ಹುಲ್ಲು ಮುಗಿದಂತೆ ಮಂದೆಯನ್ನು ಸಾಗಿಸುತ್ತಿದ್ದರು. ಆ ಹುಲ್ಲುಗಾವಲಿನ ಬಹುಪಾಲು ಈಗ ಹೊಲ, ನೆಡುತೋಪು, ಸರ್ಕಾರಿ ಯೋಜನೆಗಳ ಪಾಲಾಗಿದೆ.

ಬೆಳಿಗ್ಗೆ ಬೇಗ ಹೋಗಿ, ಮೊದಲು ಕಚೇರಿಯಲ್ಲಿ ಕೇಳಿಕೊಳ್ಳಿ. ನಾನು ಹನ್ನೊಂದಕ್ಕೆ ಹೋಗಿ ಖಾಲಿ ಕೊಟ್ಟಿಗೆ ನೋಡಿದೆ. ಮಂದೆ ಆಗಲೇ ಮೇಯಲು ಹೊರಟಿತ್ತು. ಸಂಜೆ ಮರಳುವಾಗ ಕಂಡದ್ದು ಮಾತ್ರ ಮರೆಯುವಂತಿಲ್ಲ: ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಸೂಜಿಮೊನೆಯ ಕೊಂಬು, ಅಪರಿಚಿತನನ್ನು ಕಂಡೊಡನೆ ನಿಲ್ಲುವ ಇಡೀ ಸಾಲು. ಫೋಟೊಕ್ಕೆಂದು ಹತ್ತಿರ ಹೋಗಬೇಡಿ. ಇವು ಮನೆಯ ಹಸುಗಳಲ್ಲ, ಎದುರಾಗುತ್ತವೆ.

ಊಟದ ಚಿಂತೆ ಬೇಡ. ಬಸ್ ನಿಲ್ದಾಣದ ಹಿಂದೆ ಅಜ್ಜಿಯೊಬ್ಬರು ಸೌದೆ ಒಲೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಾರೆ. ಎರಡು ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೊಂದು ಗಟ್ಟಿ ಬೆಣ್ಣೆ ಮುದ್ದೆ, ಎಲ್ಲ ಸೇರಿ 40 ರೂಪಾಯಿ. ಬೆಣ್ಣೆ ಯಾವ ಹಸುವಿನದು ಎಂದು ಕೇಳಿದೆ. “ಎಮ್ಮೆಯದು” ಎಂದರು. ಎರಡು ದಿನದಲ್ಲಿ ಹಾಲಿನ ವಿಷಯದಲ್ಲಿ ಒಗಟಿಲ್ಲದೆ ಮಾತನಾಡಿದವರು ಅವರೊಬ್ಬರೇ. ಇನ್ನೆರಡು ರೊಟ್ಟಿ ಹಾಕಿಸಿಕೊಂಡೆ.