ದಿನಾ ನೋಡಿಕೊಳ್ಳುವವರು

ರಾತ್ರಿ ಎರಡರ ಹೊತ್ತಿಗೆ ಅರಕಲಗೂಡು ಕಡೆಯಿಂದ 108ರಲ್ಲಿ ಒಬ್ಬ ಅಜ್ಜಿಯನ್ನು ಕರೆತಂದರು. ಹಾಸನದ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನನ್ನದು ಡ್ಯೂಟಿ. ವಯಸ್ಸು ಎಂಬತ್ತರ ಮೇಲೆ, ಬಿಪಿ 70/40, ಎದೆಯಲ್ಲಿ ಗೊರಗೊರ ಸದ್ದು. ನ್ಯುಮೋನಿಯಾದ ನಂಜು ಮೈಗೆಲ್ಲ ಏರಿತ್ತು. ಆಕ್ಸಿಜನ್, ಡ್ರಿಪ್, ಆಂಟಿಬಯೋಟಿಕ್ ತಕ್ಷಣ ಶುರುವಾದವು. ಕಷ್ಟವಿದ್ದದ್ದು ಅದರ ಮುಂದೆ: ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್ ಹಾಕಬೇಕೇ?

ಹಿರಿಮಗ "ನೀವ್ ಹೇಳ್ದಂಗೆ ಸಾರ್" ಎಂದು ಕೈಮುಗಿದರು. ಬೆಂಗಳೂರಿನ ಕಿರಿಮಗ ಫೋನಿನಲ್ಲಿ, "ದುಡ್ಡಿನ ಯೋಚ್ನೆ ಬೇಡ ಡಾಕ್ಟ್ರೇ, ಏನೇನಿದ್ಯೋ ಎಲ್ಲಾ ಮಾಡಿ. ಇಲ್ಲಾಂದ್ರೆ ಇಲ್ಲಿಗೇ ಕಳಿಸಿ" ಎಂದರು. ಬಿಪಿಯೇ ನಿಲ್ಲದವರನ್ನು ಮೂರು ಗಂಟೆ ಆಂಬುಲೆನ್ಸಿನಲ್ಲಿ ಕಳಿಸುವುದು ಹೇಗೆ?

ಕ್ಲಿನಿಕಲ್ ಫ್ರೈಲ್ಟಿ ಸ್ಕೇಲ್ ಎಂದು, ಮೈ ಎಷ್ಟು ಸೋತಿದೆ ಎಂದು ಹೇಳುವ 1ರಿಂದ 9ರವರೆಗಿನ ಒಂದು ಅಳತೆಯಿದೆ. ಅದರಲ್ಲಿ ವಯಸ್ಸಿನ ಲೆಕ್ಕವಿಲ್ಲ. ಕಾಯಿಲೆ ಬೀಳುವ ಎರಡು ವಾರ ಮುಂಚೆ ಓಡಾಡುತ್ತಿದ್ದರೇ, ಸ್ನಾನ ತಾವೇ ಮಾಡುತ್ತಿದ್ದರೇ ಎಂದು ಕೇಳಬೇಕು. ಕೇಳಿದರೆ ಇಬ್ಬರು ಗಂಡುಮಕ್ಕಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಬಾಗಿಲ ಹತ್ತಿರ ಬಟ್ಟೆಯ ಚೀಲ ಅವುಚಿಕೊಂಡು ಸೊಸೆ ನಿಂತಿದ್ದರು. ಲಕ್ವ ಹೊಡೆದ ಮೇಲೆ ಅತ್ತೆ ಹಾಸಿಗೆ ಬಿಟ್ಟೆದ್ದಿಲ್ಲ, ಗಂಜಿ ಕುಡಿಸಿದರೂ ನೆತ್ತಿಗೆ ಹತ್ತುತ್ತದೆ, ಬೆನ್ನಿನ ಹುಣ್ಣು ತೊಳೆಯುವುದು ತಾನೇ ಎಂದು ಒಂದೊಂದಾಗಿ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಹೋದ್ಸಲ ಆಸ್ಪತ್ರೆಯಿಂದ ಬಂದಾಗ, ಇನ್ನ್ಯಾವತ್ತೂ ಆ ಪೈಪ್ ಹಾಕುಸ್ಬೇಡ ಕಣವ್ವ ಅಂದಿದ್ರು ಸಾರ್. ನಾನ್ ಹೇಳಿದ್ರೆ ಚೆಂದಾಗಿರಲ್ಲ" ಎಂದರು. ಅತ್ತೆಗೆ ಚಿಕಿತ್ಸೆ ಸಾಕು ಎಂದ ಸೊಸೆಯನ್ನು ಊರು ಏನನ್ನುತ್ತದೆ ಎಂಬುದು ನಮಗೆಲ್ಲ ಗೊತ್ತು. ಎಲ್ಲ ಬಲ್ಲವಳು ಬಾಗಿಲಲ್ಲೇ ಉಳಿಯುವುದು ಅದಕ್ಕೇ.

ಸೀನಿಯರ್ ಜೊತೆ ಮಾತಾಡಿ, ಫೋನ್ ಸ್ಪೀಕರಿಗೆ ಹಾಕಿ, ಅಜ್ಜಿಯ ಮಾತನ್ನು ನಾನೇ ಎಲ್ಲರಿಗೂ ಹೇಳಿದೆ. ವೆಂಟಿಲೇಟರ್ ಉಸಿರಾಡಿಸೀತು, ನುಂಗುವ ಶಕ್ತಿ ವಾಪಸ್ ತರಲಾರದು. ಹೃದಯ ನಿಂತರೆ ಎದೆ ಒತ್ತಬೇಕು, ಈ ಮೈಯಲ್ಲಿ ಪಕ್ಕೆಲುಬು ಮುರಿಯುತ್ತದೆ.

"ಹಾಗಾದ್ರೆ ಬಿಟ್ಬಿಡೋದಾ?" ಕಿರಿಮಗನ ದನಿ ಒಡೆಯಿತು.

"ಇಲ್ಲ. ಔಷಧಿ ಯಾವುದೂ ನಿಲ್ಸಲ್ಲ, ಉಸಿರಿನ ಸಂಕಟಕ್ಕೆ ಸ್ವಲ್ಪ ಮಾರ್ಫಿನ್ ಕೊಡ್ತೀವಿ. ಎರಡು ದಿನ ನೋಡೋಣ. ಟ್ಯೂಬ್ ಮಾತ್ರ ಬೇಡ, ಎದೆ ಒತ್ತೋದೂ ಬೇಡ ಅಂತ ನನ್ನ ಸಲಹೆ. ಒಪ್ತೀರಾ?"

ಸಲಹೆ ಡಾಕ್ಟರ ಬಾಯಿಂದಲೇ ಬರಬೇಕು. 'ಹಾಕ್ಲಾ, ಬೇಡ್ವಾ' ಎಂದು ಮಗನ ಮೇಲೆ ಬಿಟ್ಟರೆ, ಅವ್ವನನ್ನು ತಾನೇ ಕೊಂದೆನೇನೋ ಎಂಬ ಕೊರಗು ಅವನನ್ನು ಬದುಕಿಡೀ ತಿನ್ನುತ್ತದೆ. ಕಿರಿಮಗ ಬಂದು ಕೈ ಹಿಡಿದು ಕೂತರು. ಎರಡನೇ ದಿನ ಅಜ್ಜಿ ತೀರಿಕೊಂಡರು.

ಅದೇ ವಾರ ಸಕಲೇಶಪುರದಿಂದ ಒಬ್ಬ ಅಜ್ಜ ಬಂದರು. ಅವರಿಗೂ ಎಂಬತ್ತು ದಾಟಿತ್ತು, ಮೂತ್ರದ ಸೋಂಕು ಏರಿ ಬಿಪಿ ಕುಸಿದಿತ್ತು. "ಈ ವಯಸ್ಸಿಗೆ ಐಸಿಯು ಯಾಕೆ" ಎಂದು ನೆಂಟರೊಬ್ಬರು ಗೊಣಗಿದರು. ಆದರೆ ಹಿಂದಿನ ದಿನದವರೆಗೂ ಕಣದಲ್ಲಿ ನಿಂತು ಕಾಫಿ ಹರವಿಸುತ್ತಿದ್ದ ಜೀವ ಅದು. ದೊಡ್ಡ ರಕ್ತನಾಳಕ್ಕೆ ಇಳಿಸುವ ಸೆಂಟ್ರಲ್ ಲೈನ್, ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಐಸಿಯು, ಯಾವುದಕ್ಕೂ ಹಿಂದೆಮುಂದೆ ನೋಡಲಿಲ್ಲ. ನಡೆದುಕೊಂಡೇ ಮನೆಗೆ ಹೋದರು.

ಹೊರಡುವ ಮುಂಚೆ ಅವರ ಹತ್ತಿರ ಲಿವಿಂಗ್ ವಿಲ್ ವಿಷಯ ತೆಗೆದೆ. ಮುಂದೆ ಮಾತು ನಿಂತರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ ಅದು. ಸುಪ್ರೀಂ ಕೋರ್ಟ್ 2018ರಲ್ಲೇ ಇದನ್ನು ಒಪ್ಪಿದೆ. 2023ರಲ್ಲಿ ನಿಯಮ ಸಡಿಲಿಸಿದ ಮೇಲೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುತ್ತೋಲೆ ಹೊರಡಿಸಿತು.

"ಬಿಡ್ತು ಅನ್ನಿ ಸಾರ್" ಎಂದರು ಮಗ.

"ತೋಟಕ್ಕೆ ವಿಲ್ ಬರ್ಸಿಲ್ವೇನೋ, ಸುಮ್ನಿರು" ಎಂದು ಅಜ್ಜ ಅವರನ್ನು ಗದರಿ, ತಮಗೆ ಮಾತು ನಿಂತಾಗ ತಮ್ಮ ಪರವಾಗಿ ಹೇಳಲು ಯಾರ ಹೆಸರು ಬರೆಸಲಿ ಎಂದು ನನ್ನನ್ನು ಕೇಳಿದರು. ಒಬ್ಬರಿಗಿಂತ ಹೆಚ್ಚು ಹೆಸರು ಬರೆಸಬಹುದು, ಮಗನ ಜೊತೆಗೆ ನಿಮ್ಮನ್ನು ದಿನಾ ನೋಡಿಕೊಳ್ಳುವವರ ಹೆಸರೂ ಇರಲಿ ಎಂದೆ.