ಅಕ್ಕ ಓಗರ್ ಆದ ಸಂಜೆ

ಶುರುವಿನಲ್ಲಿ ನಾವು ಐದು ಜನ ಇದ್ದೆವು. ಆಡೋಕೆ ನಾಲ್ವರು, ಆಡಿಸೋಕೆ ನಾನು. ಎರಡನೇ ವಾರಕ್ಕೆ ಒಬ್ಬನ ಕೆಲಸದ ಪಾಳಿ ಬದಲಾಯಿತು. ಮೂರನೇ ವಾರಕ್ಕೆ ಇನ್ನೊಬ್ಬಳು ಫೋನ್ ಎತ್ತುವುದನ್ನೇ ಬಿಟ್ಟಳು. ಉಳಿದದ್ದು ನನ್ನ ಅಕ್ಕ ಮತ್ತು ತಮ್ಮ. ಅವರು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ, ಒಂದೇ ಮನೆ ಅಲ್ವಾ.

ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ನಾವು ಆಡುವುದು 2014ರ ಐದನೇ ಎಡಿಷನ್. ಗೊತ್ತಿಲ್ಲದವರಿಗೆ ಎರಡೇ ಮಾತು: ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರ, ಉಳಿದ ಇಡೀ ಲೋಕ ಆಟ ಆಡಿಸುವ ಡಂಜನ್ ಮಾಸ್ಟರ್‌ದು. ಏನು ಮಾಡ್ತೀನಿ ಅಂತ ಬಾಯಲ್ಲಿ ಹೇಳಬೇಕು. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದರೆ 20 ಮುಖದ ದಾಳ ಉರುಳಿಸಬೇಕು.

ಇಬ್ಬರಿಗಾಗಿ ಹೊಸದಾಗಿ ಮೊದಲ ಲೆವೆಲ್‌ನಿಂದ ಶುರು ಮಾಡಿದೆವು. ಅಕ್ಕ ಕ್ಲೆರಿಕ್, ಅಂದರೆ ದೇವರ ಹೆಸರಲ್ಲಿ ಗಾಯ ವಾಸಿ ಮಾಡುವವಳು, ಬೇಕಾದರೆ ಗದೆಯಲ್ಲಿ ಬಾರಿಸುವವಳೂ ಹೌದು. ತಮ್ಮ ರೋಗ್, ಕಳ್ಳ ಬೆಕ್ಕಿನ ಹಾಗೆ ಓಡಾಡುವವನು. ಅಕ್ಕ ಅವನನ್ನು ಮೊದಲ ದಿನದಿಂದಲೂ 'ರೋಗ' ಅಂತಲೇ ಕರೆಯೋದು.

ಮೊದಲ ಕಾಳಗಕ್ಕೆ ನಾನು ನಾಲ್ಕು ಗಾಬ್ಲಿನ್ ಇಟ್ಟೆ, ಅಂದರೆ ಕುಳ್ಳ ರಾಕ್ಷಸರು. ಒಂದೊಂದಕ್ಕೆ 7 ಹಿಟ್ ಪಾಯಿಂಟ್ (ಪ್ರಾಣದ ಲೆಕ್ಕ, ಏಟು ಬಿದ್ದಷ್ಟೂ ಇಳಿಯುತ್ತದೆ), ಅಂಥ ಭಯಂಕರ ಏನಲ್ಲ. ಆದರೆ ಅವು ನಾಲ್ಕು ಸಲ ಹೊಡೆಯುವಾಗ ನಮ್ಮವರು ಎರಡು ಸಲ ಹೊಡೆಯುತ್ತಾರೆ. ಅದರಲ್ಲಿ ಒಂದು ಗುರಿ ತಪ್ಪಿತು ಅಂದರೆ ಆ ಸುತ್ತಿನಲ್ಲಿ ಅರ್ಧ ಪಡೆ ಸುಮ್ನೆ ನಿಂತ ಹಾಗೆ. ನಿಯಮದ ಪುಸ್ತಕದ ಲೆಕ್ಕ ಮೂರರಿಂದ ಐದು ಜನರ ತಂಡಕ್ಕೆ ಹಾಕಿದ್ದು. ಅದಕ್ಕಿಂತ ಕಡಿಮೆ ಇದ್ದರೆ ಕಾಳಗದ ಕಷ್ಟ ಎಣಿಸುವ ಗುಣಕವನ್ನು ಒಂದು ಮೆಟ್ಟಿಲು ಏರಿಸಿ ಅಂತ ಅಲ್ಲೇ ಬರೆದಿದ್ದಾರೆ. ನಾನು ಓದಿದ್ದು ಕಾಳಗ ಮುಗಿದ ಮೇಲೆ. ಮುಗಿದದ್ದು ಹೇಗೆ ಅಂದರೆ, ಇಬ್ಬರೂ ನದಿಗೆ ಹಾರಿ ತಪ್ಪಿಸಿಕೊಂಡರು.

ಮುಂದಿನ ವಾರ ನಾನೊಬ್ಬ ಸಹಾಯಕನನ್ನು ಕಳಿಸಿದೆ. 2019ರ ಎಸೆನ್ಷಿಯಲ್ಸ್ ಕಿಟ್‌ನಲ್ಲಿ ಇದಕ್ಕೆಂದೇ ಸೈಡ್‌ಕಿಕ್ ಅಂತ ನಿಯಮ ಇದೆ. ಗುರಾಣಿ ಹಿಡಿದ ಸಿಪಾಯಿ, ಮಾತು ಕಡಿಮೆ. ಕಡಿಮೆ ಇರಬೇಕಿತ್ತು. ಆದರೆ ಊರ ಹಿರಿಯನೂ ನಾನೇ, ಸಿಪಾಯಿಯೂ ನಾನೇ. ಇಬ್ಬರಿಗೂ ಕೂಲಿಯ ವಿಷಯಕ್ಕೆ ಜಗಳ ಹತ್ತಿಕೊಂಡಿತು. ದಪ್ಪ ದನಿಯಲ್ಲಿ ಒಂದು, ಕೀರಲು ದನಿಯಲ್ಲಿ ಒಂದು, ನಾನು ಜೋರಾಗಿ ನಡೆಸುತ್ತಿದ್ದೆ. ಸ್ವಲ್ಪ ಹೊತ್ತು ನೋಡಿದ ತಮ್ಮ ಕೇಳಿದ: "ಅಣ್ಣಾ, ನಾವು ಬೇಕಾದ್ರೆ ಆಮೇಲೆ ಬರ್ಲಾ?"

ಸಿಪಾಯಿಯ ವಿವರ ಬರೆದಿದ್ದ ಹಾಳೆಯನ್ನು ಅವತ್ತೇ ಅವರ ಕೈಗೆ ಕೊಟ್ಟೆ. ಎರಡು ವಾರದಲ್ಲಿ ಅವರೇ ಅವನನ್ನು ಒಂದು ಹಳ್ಳಿಯಲ್ಲಿ ಮದುವೆ ಮಾಡಿಸಿ ಬಿಟ್ಟು ಬಂದರು.

ಹಾಗಾಗಿ ನಾನು ಹೇಳಬೇಕೆಂದಿರುವ ಸಂಜೆಯ ಹೊತ್ತಿಗೆ ಮತ್ತೆ ಇಬ್ಬರೇ. ಇಬ್ಬರದೂ ಮೂರನೇ ಲೆವೆಲ್. ದಾರಿಯಲ್ಲೊಂದು ಕಲ್ಲಿನ ಸೇತುವೆ, ಅದರ ಮೇಲೊಬ್ಬ ಓಗರ್. ಓಗರ್ ಅಂದರೆ ಹತ್ತಡಿ ಎತ್ತರದ ದೈತ್ಯ. ನನ್ನ ಹಾಳೆಯಲ್ಲಿ ಅವನ ಬಗ್ಗೆ ಇದ್ದದ್ದು ಇಷ್ಟೇ: ಹಿಟ್ ಪಾಯಿಂಟ್ 59, ಒಂದು ಏಟಿಗೆ ಸರಾಸರಿ 13. ಸೇತುವೆಯ ಕಂಬಕ್ಕೆ ಒಂದು ಗಂಟೆ ಕಟ್ಟಿದೆ, ದಾಟುವ ವ್ಯಾಪಾರಿಗಳು ಬಾರಿಸುತ್ತಾರೆ ಅಂತ ಸುಮ್ನೆ ಅಂದಕ್ಕೆ ಒಂದು ಸಾಲು ಸೇರಿಸಿದ್ದೆ.

ಆಡಿಸುವವರು ಅಡ್ಡ ಇಟ್ಟುಕೊಳ್ಳುವ ಪರದೆಯ ಹಿಂದೆ ದಾಳ ಹಾಕುವುದನ್ನು ನಾನು ಬಿಟ್ಟಾಗಿತ್ತು. ಇಬ್ಬರೇ ಇರುವಾಗ ಎಲ್ಲರೂ ಹತ್ತಿರ ಕೂರುತ್ತೀವಿ, ತಮ್ಮ ಕತ್ತು ಉದ್ದ ಮಾಡಿದರೆ ಎಲ್ಲ ಕಾಣುತ್ತದೆ. ಮರೆಮಾಚುವುದಕ್ಕೆ ಏನೂ ಇಲ್ಲ. ಓಗರ್‌ನ ಮೊದಲ ಏಟು 11. ಎರಡನೆಯದು 14. ಅಕ್ಕನ ಹತ್ತಿರ ಇದ್ದದ್ದೇ 24. ನಾನು ಕೂಡುವ ಮೊದಲೇ ಅವಳು ಪೆನ್ಸಿಲ್‌ನಿಂದ ಸೊನ್ನೆ ಬರೆದಳು.

ತಮ್ಮನ ಮುಖ ನೋಡಬೇಕಿತ್ತು. ರೋಗ್‌ನ ಬಲವೆಲ್ಲ ಸ್ನೀಕ್ ಅಟ್ಯಾಕ್‌ನಲ್ಲಿ. ವೈರಿಯ ಐದಡಿ ಒಳಗೆ ತನ್ನವರು ಇನ್ನೊಬ್ಬರು ನಿಂತಿದ್ದರೆ ಎರಡು ದಾಳ ಹೆಚ್ಚಿಗೆ ಸಿಗುತ್ತದೆ. ದೊಡ್ಡ ತಂಡದಲ್ಲಿ ಯಾರೋ ಒಬ್ಬರು ನಿಂತೇ ಇರುತ್ತಾರೆ. ಇಲ್ಲಿ ಅಕ್ಕ ಬಿದ್ದಳು ಅಂದರೆ ವೈದ್ಯೆಯೂ ಹೋದಳು, ಅವನ ಚೂರಿಯ ಮೊನೆಯೂ ಹೋಯಿತು. ಓಗರ್‌ಗೆ ಇನ್ನೂ 31 ಬಾಕಿ. ಓಡಿಹೋಗಬಹುದಿತ್ತು, ರೋಗ್‌ಗಳಿಗೆ ಅದು ಸಲೀಸು. ಅವನು ದಾಳ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತ. ಆಮೇಲೆ ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

"ಅಣ್ಣಾ, ಅದಕ್ಕೆ ಏನು ಬೇಕಂತೆ?"

ನಾನು ಹಾಳೆ ನೋಡಿದೆ. 59. 13. ಗಂಟೆ. ಓಗರ್‌ಗೆ ಏನು ಬೇಕು ಅಂತ ನಾನು ಯೋಚನೆಯೇ ಮಾಡಿರಲಿಲ್ಲ. ಸಾಯೋಕೆ ತಾನೇ ಅವನನ್ನು ಅಲ್ಲಿ ನಿಲ್ಲಿಸಿದ್ದು.

ಪಕ್ಕದಲ್ಲಿ ಅಕ್ಕ ಕೈಕಟ್ಟಿ ಕೂತಿದ್ದಳು. ಸೊನ್ನೆಗೆ ಇಳಿದವರಿಗೆ ಒಂದೇ ಕೆಲಸ: ತಮ್ಮ ಸರದಿ ಬಂದಾಗ ದಾಳ ಹಾಕೋದು. 10 ಅಥವಾ ಜಾಸ್ತಿ ಬಿದ್ದರೆ ಗೆಲುವು, ಕಡಿಮೆಯಾದರೆ ಸೋಲು. ಮೂರು ಗೆಲುವಾದರೆ ಪ್ರಾಣ ಉಳಿಯಿತು, ಮೂರು ಸೋಲಾದರೆ ಹೋಯಿತು. ಐದು ಜನರಲ್ಲಿ ಒಬ್ಬರು ಹೀಗೆ ಕೂತರೆ ಉಳಿದ ಗದ್ದಲದಲ್ಲಿ ಗೊತ್ತಾಗಲ್ಲ. ಇಬ್ಬರಲ್ಲಿ ಒಬ್ಬಳು ಕೂತರೆ ಅರ್ಧ ಆಟವೇ ನಿಂತ ಹಾಗೆ. ಹೆಚ್ಚು ಯೋಚಿಸಲಿಲ್ಲ, ಓಗರ್‌ನ ಹಾಳೆಯನ್ನು ಅವಳ ಕಡೆ ತಳ್ಳಿದೆ.

"ನೀನೇ ಹೇಳೇ."

"ಲೋ, ನಾನು ಸಾಯ್ತಾ ಇದೀನಿ ಕಣೋ."

"ಸಾಯ್ತಾನೇ ಹೇಳು."

ಅವಳು ಹಾಳೆ ಎತ್ತಿಕೊಂಡು ಓದಿದಳು. ದಾಳ ಹಾಕಿದಳು, 12. ಒಂದು ಗೆಲುವು. ಆಮೇಲೆ ಹಣೆ ಉಜ್ಜಿಕೊಂಡು, ಯಾವ ದನಿಯನ್ನೂ ಮಾಡದೆ, ತನ್ನ ಮಾಮೂಲಿ ದನಿಯಲ್ಲೇ ಅಂದಳು: "ನಿದ್ದೆ ಬೇಕು. ಆ ಗಂಟೆ. ಹಗಲೂ ರಾತ್ರಿ ಆ ಗಂಟೆ."

ಸುಮ್ನೆ ಅಂದಕ್ಕೆ ಬರೆದ ಸಾಲು ಅದು.

ಮಾತುಕತೆ ಶುರುವಾಯಿತು. ತಮ್ಮ ಗಂಟೆ ತೆಗೆಸಿಕೊಡ್ತೀನಿ, ಊರಿನವರ ಹತ್ತಿರ ಮಾತಾಡ್ತೀನಿ ಅಂದ. ಅಕ್ಕ ನಂಬಲಿಲ್ಲ. ಅವಳದೇ ಜೀವ ಅಲ್ಲಿ ನೆಲದ ಮೇಲೆ ಬಿದ್ದಿದೆ. ಒಂಚೂರು ಸಡಿಲ ಬಿಡಬಹುದಿತ್ತು. ಬಿಡಲಿಲ್ಲ. "ಹೋದ ಸಲ ಬಂದವನೂ ಹೀಗೇ ಹೇಳಿದ್ದ," ಅಂದಳು. ಒಂದು ಸುತ್ತು ಅಂದರೆ ಆಟದಲ್ಲಿ ಆರು ಸೆಕೆಂಡ್. ಒಬ್ಬೊಬ್ಬರ ಒಂದೊಂದು ಮಾತಿಗೆ ಒಂದು ಸುತ್ತು ಅಂತ ನಾನು ಲೆಕ್ಕ ಇಟ್ಟೆ. ಅವಳ ದಾಳ 4. ಒಂದು ಸೋಲು.

"ಏನು ಮಾಡಿದ್ರೆ ನಂಬ್ತೀಯ?"

"ಈಗ್ಲೇ ಕೀಳು."

ತಮ್ಮ ಅಕ್ಕನನ್ನು ನೋಡಿದ. ಓಗರ್ ಅನ್ನು ಅಲ್ಲ, ಅಕ್ಕನನ್ನು. ಗಂಟೆ ಕೀಳೋಕೆ ಹೋದರೆ ಒಂದು ಸುತ್ತು ಅವಳ ಹತ್ತಿರ ಯಾರೂ ಇರಲ್ಲ. "ಹೋಗು ಹೋಗು," ಅಂತ ಅವಳು ಕೈ ಆಡಿಸಿದಳು. ಅದು ಓಗರ್ ಹೇಳಿದ್ದೋ ಅಕ್ಕ ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಕಂಬ ಹತ್ತಿ ಹಗ್ಗ ಕೊಯ್ದ. ಗಂಟೆ ನೀರಿಗೆ ಬಿತ್ತು. ಅವಳ ದಾಳ 7.

ಎರಡು ಸೋಲು.

"ಪೋಷನ್!" ಅಂತ ತಮ್ಮ ಎದ್ದೇ ನಿಂತ. ಗಾಯಕ್ಕೆ ಕುಡಿಯುವ ಔಷಧ ಅದು. "ಅಕ್ಕನ ಚೀಲದಲ್ಲಿ ಒಂದು ಇದೆ, ನಂಗೆ ಗೊತ್ತು."

ಅಕ್ಕ ತನ್ನ ಹಾಳೆ ನೋಡಿದಳು. 'ಪೋಷನ್ 1' ಅಂತ ಅಲ್ಲಿ ಬರೆದೇ ಇತ್ತು. ಆದರೂ ತಲೆ ಆಡಿಸಿದಳು. "ಹೋದ ವಾರ ಕುಡಿದಿದ್ದೆ ಕಣೋ. ಅಳಿಸೋದು ಮರೆತೆ."

ನಮಗಿಬ್ಬರಿಗೂ ಅದು ನೆನಪೇ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಚೀಲ ಹುಡುಕಿದ್ದನ್ನು ನಾನು ತಮ್ಮನ ಸರದಿಯ ಲೆಕ್ಕಕ್ಕೆ ಹಿಡಿಯಲಿಲ್ಲ. ಕಟ್ಟುನಿಟ್ಟಾಗಿ ನೋಡಿದರೆ ತಪ್ಪೇ ಇರಬಹುದು, ಇರಲಿ. ಔಷಧ ಇಲ್ಲದಿದ್ದರೂ ಗಾಯ ಕಟ್ಟಿ ಪ್ರಾಣ ಹಿಡಿದಿಡಲು ಯಾರು ಬೇಕಾದರೂ ಪ್ರಯತ್ನ ಮಾಡಬಹುದು, ದಾಳದಲ್ಲಿ 10 ದಾಟಬೇಕು ಅಷ್ಟೇ ಅಂದೆ. "ದಾಟಬೇಕಾ, ಮುಟ್ಟಿದ್ರೆ ಸಾಕಾ?" ಅಂದ ತಮ್ಮ. ಮುಟ್ಟಿದರೆ ಸಾಕು. ಅವನು ದಾಳವನ್ನು ಎರಡೂ ಅಂಗೈ ನಡುವೆ ಇಟ್ಟು ಕುಲುಕಿದ, ಊದಿದ, ಹಾಕಿದ. ಅದು ಮೇಜಿನ ಅಂಚಿನವರೆಗೆ ಹೋಗಿ, ಅಕ್ಕನ ಮೊಣಕೈಗೆ ತಗುಲಿ ನಿಂತಿತು.

13.

ಯಾರೂ ಕೂಗಲಿಲ್ಲ. ಅಕ್ಕ ಮೊಣಕೈ ಹಾಗೇ ಇಟ್ಟುಕೊಂಡಿದ್ದಳು, ಅಲ್ಲಾಡಿಸಿದರೆ ಅಂಕಿ ಬದಲಾಗುತ್ತೆ ಅನ್ನುವ ಹಾಗೆ.

ಪ್ರಾಣ ನಿಂತರೂ ಎಚ್ಚರ ಬರೋಕೆ ಒಂದರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ದಾಳದಲ್ಲಿ 3 ಬಿತ್ತು. ಮೂರು ಗಂಟೆ ಹೊತ್ತು ಕಳೆಯಿತು ಅಂತ ಒಂದೇ ಮಾತಲ್ಲಿ ದಾಟಿಸಿ ಮುಂದಕ್ಕೆ ಹೋಗೋಣ ಅಂದುಕೊಂಡೆ. ಅವರು ಬಿಡಲಿಲ್ಲ. ತಮ್ಮ ಸೇತುವೆಯ ಮೇಲೆ ಕಾಲು ಇಳಿಬಿಟ್ಟು ಕೂತ. ಓಗರ್ ಬಂದು ಪಕ್ಕದಲ್ಲಿ ಕೂತ. ಇವನು ಕೇಳಿದ, ನೀನು ಒಬ್ಬನೇ ಏನು ಇಲ್ಲಿ. ಓಗರ್ ಹೇಳಿದ, ಒಬ್ಬ ತಮ್ಮ ಇದ್ದ, ಊರು ಬಿಟ್ಟು ಹೋದ. ಆಮೇಲೆ ತುಂಬಾ ಹೊತ್ತು ಅವರಿಬ್ಬರೇ ಮಾತಾಡಿದರು. ನಾನು ಒಂದೇ ಒಂದು ಸಲ ಬಾಯಿ ಹಾಕಿದ್ದು, ಕತ್ತಲಾಯಿತು ಅಂತ ಹೇಳೋಕೆ. ಓಗರ್ ಮಾತಿನ ಮಧ್ಯದಲ್ಲೇ ನಿದ್ದೆ ಹೋದ.

ಮುಂದಿನ ವಾರದ ತಯಾರಿಗೆ ಕೂತಾಗ ಆ ಹಾಳೆ ವಾಪಸ್ ಕೇಳಿದೆ. "ಅದು ನಂದು," ಅಂದಳು ಅಕ್ಕ. ಬೇಕಾದರೆ ನೋಡಿಕೋ ಅಂತ ದೂರದಿಂದಲೇ ಹಿಡಿದು ತೋರಿಸಿದಳು. ನಾನು ಬರೆದಿದ್ದ 59 ಅನ್ನು ಹೊಡೆದುಹಾಕಿ 31 ಮಾಡಿದ್ದಳು. ಅದರ ಕೆಳಗೆ ಅವಳ ಅಕ್ಷರದಲ್ಲಿ ಇನ್ನೊಂದು ಸಾಲು: ಬಲಗೈ ಹೆಬ್ಬೆರಳಿಗೆ ಗಾಯ, ರೋಗನ ಚೂರಿ ತಾಗಿದ್ದು, ಈಗ ಪರವಾಗಿಲ್ಲ.